ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್: ಕಪ್ಪು ಕಾಯಿಯಲ್ಲಿ ನಾನು ಡ್ರಾ ಹಿಡಿಯುವ ಬಗೆ

ಚೆಸ್‌ನಲ್ಲಿ ನನಗಿಂತ ಬಲವಾದ ಆಟಗಾರರು ಎದುರು ಕೂತು ಡಿ4 (ರಾಣಿಯ ಮುಂದಿನ ಪಾನ್, ಅಂದರೆ ಕಾಲಾಳು, ಎರಡು ಮನೆ ಮುಂದಕ್ಕೆ) ಆಡಿದರೆ ನಾನು ನೆಚ್ಚುವುದು ಹಿಂದಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ತೋರಿಸಿದ ದಾರಿಯನ್ನೇ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅವರೂ ಅಲೆಖೈನ್ ಅವರೂ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡಿದ 34 ಆಟಗಳಲ್ಲಿ ಎರಡು ಬಿಟ್ಟು ಮಿಕ್ಕೆಲ್ಲವೂ ಇದೇ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಓಪನಿಂಗ್ (ಆಟದ ಆರಂಭದ ನಡೆಗಳ ಸರಣಿ). 25 ಡ್ರಾ ಆದವು.

ನಡೆಗಳು ಹೀಗೆ (ಅಕ್ಷರ-ಅಂಕೆ ಎಂದರೆ ಚೌಕದ ಹೆಸರು, ಕಾಯಿ ಹೇಳದಿದ್ದರೆ ಪಾನ್ ನಡೆ; ಪ್ರತಿ ಸಂಖ್ಯೆಯಲ್ಲಿ ಮೊದಲು ಬಿಳಿ, ನಂತರ ಕಪ್ಪು): 1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3, ಕುದುರೆ ಎಫ್6 4. ಒಂಟೆ ಜಿ5, ಒಂಟೆ ಇ7 5. ಇ3, ಕ್ಯಾಸಲಿಂಗ್ (ರಾಜ, ಆನೆ ಎರಡೂ ಒಂದೇ ಬಾರಿಗೆ ಸರಿಯುವ ನಡೆ) 6. ಕುದುರೆ ಎಫ್3, ಬಿ8 ಕುದುರೆ ಡಿ7 7. ಆನೆ ಸಿ1, ಸಿ6.

ಇಲ್ಲಿಯವರೆಗೂ ಸಿ4 ಪಾನ್ ಮುಟ್ಟುವುದಿಲ್ಲ. ಬಿಳಿ ಒಂಟೆ ಡಿ3ಕ್ಕೆ ಬಂದ ಮೇಲಷ್ಟೇ ಹೊಡೆಯುತ್ತೇನೆ. ಆಗ ಅದೇ ಒಂಟೆ ಸಿ4ಕ್ಕೆ ಇನ್ನೊಮ್ಮೆ ನಡೆಯಬೇಕು, ನನಗೊಂದು ನಡೆ ಉಳಿಯುತ್ತದೆ. ಉಳಿದ ಆ ನಡೆಯಲ್ಲಿ ಕುದುರೆ ಡಿ5. ಇ7ರಲ್ಲಿ ಒಂಟೆಗಳು, ಸಿ3ರಲ್ಲಿ ಕುದುರೆಗಳು ಅದಲುಬದಲಾಗುತ್ತವೆ. ಬಿಳಿಯ ಆನೆ ಸಿ3ಕ್ಕೆ ಬಂದ ಕೂಡಲೇ 12ನೇ ನಡೆಯಲ್ಲಿ ನನ್ನ ಇ5. ಇದನ್ನು ಮುಂದೂಡಿ ಬಿ6 ಆಡುತ್ತಾ ಕೂತರೆ ಬಿಳಿಯ ಇ4 ಬಂದು ಸಿ8 ಒಂಟೆ ಒಳಗೇ ಕೊಳೆಯುತ್ತದೆ. ನನ್ನ ಮಟ್ಟಿಗೆ ಡ್ರಾ ನಿಂತಿರುವುದೇ ಆ ಒಂಟೆಯ ಮೇಲೆ.

13. ಒಂಟೆ ಬಿ3 ಬಂದರೆ ಡಿ4ರಲ್ಲಿ ಹೊಡೆದು ಬಿಳಿಗೆ ಒಂಟಿ ಪಾನ್ (ಅಕ್ಕಪಕ್ಕದ ಸಾಲಿನಲ್ಲಿ ಕಾಯಲು ಬೇರೆ ಪಾನ್ ಇಲ್ಲದ್ದು) ಕೊಡುತ್ತೇನೆ. ನನ್ನ ಕುದುರೆ ಎಫ್6, ಬಿಳಿಯ ಆನೆ ಇ1, ನನ್ನ ರಾಣಿ ಡಿ6, ಬಿಳಿಯ ಕುದುರೆ ಇ5. ಈಗ ಎಫ್7 ಅಪಾಯದಲ್ಲಿದೆ. ತಡಮಾಡದೆ ಕುದುರೆ ಡಿ5: ಬಿ3 ಒಂಟೆಯ ದಾರಿ ಮುಚ್ಚಿತು, ಸಿ3 ಆನೆಗೂ ಏಟು.

ಹೆಚ್ಚು ಹುಷಾರು ಬೇಕಾದ್ದು ಒಂಟೆ ಬಿ3ರ ಬದಲು ಇ5ರಲ್ಲಿ ಪಾನ್, ಕುದುರೆಗಳೆಲ್ಲ ಹೋಗಿ 15. ಎಫ್4 ಬಂದಾಗ. ಬಿಳಿಯ ಇ, ಎಫ್ ಪಾನ್‌ಗಳು ಜೊತೆಯಾಗಿ ಮುನ್ನುಗ್ಗಲು ಕಾದಿರುತ್ತವೆ. ರಾಣಿಯನ್ನು ಇ4ರಲ್ಲಿ ಇಟ್ಟು ಇ ಪಾನಿಗೆ ಅಡ್ಡ ನಿಲ್ಲುತ್ತೇನೆ. 16. ರಾಣಿ ಇ2, ಒಂಟೆ ಎಫ್5 17. ಒಂಟೆ ಡಿ3, ರಾಣಿ ಡಿ5 18. ಇ4, ರಾಣಿ ಡಿ4 ಚೆಕ್. ಎಫ್2ರಲ್ಲಿ ರಾಣಿ ಅಡ್ಡ ಬಂದರೆ ರಾಣಿಗಳನ್ನೇ ಬದಲಿಸಿ ಒಂಟೆಯನ್ನು ಡಿ7ಕ್ಕೆ ಕರೆಯುತ್ತೇನೆ. ಇ6 ಅಥವಾ ಜಿ6ರಲ್ಲಿ ಇಟ್ಟರೆ ಎಫ್5 ಅದನ್ನೇ ಅಟ್ಟುತ್ತದೆ. ಆಮೇಲೆ ಆನೆಗಳು ಡಿ8, ಇ8ಕ್ಕೆ, ಪಾನ್ ಎಫ್6ಕ್ಕೆ.

ಡ್ರಾ ಕೇಳುವುದು ಈ ಹಂತದಲ್ಲಿ. ಮೊದಲು ಬೋರ್ಡಿನ ಮೇಲೆ ನಡೆ, ನಂತರ ಮಾತು, ಕೊನೆಗೆ ಗಡಿಯಾರದ ಗುಂಡಿ; ಸ್ಕೋರ್‌ಶೀಟಿನಲ್ಲಿ ಆ ನಡೆಯ ಪಕ್ಕ (=) ಗುರುತು.