ಎಂಎಎಚ್‌ನ ಕೂಲಂಬ್ ಮಾಡೋದು ಹೇಗೆ? 3.6 ನೆನಪಿಟ್ಕೊಳ್ಳಿ

ಮೊಬೈಲ್ ಬ್ಯಾಟರಿ ಮೇಲೆ 5000 ಎಂಎಎಚ್ (ಮಿಲಿಆಂಪಿಯರ್-ಅವರ್) ಅಂತ ಬರ್ದಿರತ್ತೆ, ಫಿಸಿಕ್ಸ್ ಪುಸ್ತಕ ತೆಗೆದ್ರೆ ಚಾರ್ಜ್‌ನ ಕೂಲಂಬ್‌ನಲ್ಲಿ ಅಳೀತಾರೆ ಅಂತಿರತ್ತೆ, ಇವೆರಡಕ್ಕೂ ಏನಪ್ಪಾ ಸಂಬಂಧ ಅಂತ ತಲೆ ಕೆರ್ಕೊಳ್ಳೋರೇ ಜಾಸ್ತಿ. ಅಳೆಯೋದು ಒಂದನ್ನೇ, ಒಂದರಲ್ಲಿ ಟೈಮ್ ಸೆಕೆಂಡ್ ಲೆಕ್ಕ, ಇನ್ನೊಂದರಲ್ಲಿ ಗಂಟೆ ಲೆಕ್ಕ, ಅಷ್ಟೇ.

ಮೊದಲು ಬುಡದಿಂದ ಹಿಡೀರಿ. ವೈರ್‌ನಲ್ಲಿ 1 ಆಂಪಿಯರ್ ಕರೆಂಟ್ 1 ಸೆಕೆಂಡ್ ಹರಿದ್ರೆ ದಾಟಿಹೋಗೋ ಚಾರ್ಜ್ 1 ಕೂಲಂಬ್. ಅದೇ ಕರೆಂಟ್ ಒಂದು ಗಂಟೆ ಪೂರ್ತಿ ಹರಿದ್ರೆ 1 ಆಂಪಿಯರ್-ಅವರ್, ಗಂಟೆಗೆ 3600 ಸೆಕೆಂಡ್ ಇರೋದ್ರಿಂದ ಅದು 3600 ಕೂಲಂಬ್.

ಆಮೇಲೆ ಮಿಲಿ. ಎಡವೋದೆಲ್ಲಾ ಇಲ್ಲೇ. ನಾನೂ ಒಂದ್ಸಲ 5000ನ ನೇರ 3600ರಿಂದ ಗುಣಿಸಿ 1 ಕೋಟಿ 80 ಲಕ್ಷ ಕೂಲಂಬ್ ಅಂತ ಬರ್ದು, ಅಂಗೈಯಗಲದ ಫೋನ್‌ನಲ್ಲಿ ಇಷ್ಟೊಂದಾ ಅಂತ ಹೆಮ್ಮೆನೂ ಪಟ್ಟಿದ್ದೆ! ಮಿಲಿ ಅಂದ್ರೆ ಸಾವಿರದಲ್ಲೊಂದು ಭಾಗ, ಹಾಗಾಗಿ 1 ಎಂಎಎಚ್‌ಗೆ 3.6 ಕೂಲಂಬ್ ಮಾತ್ರ. 5000 × 3.6 = 18,000 ಕೂಲಂಬ್, ಇದು ಸರಿ ಉತ್ತರ. ವಾಪಸ್ ಬರ್ಬೇಕಂದ್ರೆ 3.6ರಿಂದ ಭಾಗಿಸಿ, 7200 ಕೂಲಂಬ್ ಇದ್ರೆ 2000 ಎಂಎಎಚ್. ಕೂಲಂಬ್ ಚಿಕ್ಕ ಯೂನಿಟ್ಟು, ಹಾಗಾಗಿ ಎಂಎಎಚ್‌ನಿಂದ ಅದಕ್ಕೆ ಹೋದಾಗ ಅಂಕಿ ದೊಡ್ಡದಾಗ್ಲೇಬೇಕು, ಚಿಕ್ಕದಾಯ್ತು ಅಂದ್ರೆ ಗುಣಿಸೋ ಕಡೆ ಭಾಗಿಸಿದೀರಿ ಅಂತ.

ಕೆಪಾಸಿಟರ್‌ಗೆ (ಸರ್ಕ್ಯೂಟ್‌ನಲ್ಲಿ ಸ್ವಲ್ಪ ಚಾರ್ಜ್ ಹಿಡಿದಿಡೋ ಪಾರ್ಟು) ಮೈಕ್ರೋ ಲೆಕ್ಕ ಬರತ್ತೆ, ಅಂದ್ರೆ ಹತ್ತು ಲಕ್ಷದಲ್ಲೊಂದು ಭಾಗ. ಅದು ಎಷ್ಟು ಹಿಡಿಯತ್ತೆ ಅನ್ನೋದನ್ನ ಫ್ಯಾರಡ್‌ನಲ್ಲಿ ಅಳೀತಾರೆ. 1000 ಮೈಕ್ರೋಫ್ಯಾರಡ್‌ದು 25 ವೋಲ್ಟ್‌ಗೆ ಚಾರ್ಜ್ ಆದ್ರೆ, ಎರಡನ್ನೂ ಗುಣಿಸಿ, 25,000 ಮೈಕ್ರೋಕೂಲಂಬ್, ಅಂದ್ರೆ 0.025 ಕೂಲಂಬ್. ಫೋನ್ ಬ್ಯಾಟರಿ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಎಲೆಕ್ಟ್ರಾನ್ ಎಷ್ಟು ಅಂತ ಬೇಕಿದ್ರೆ ಕೂಲಂಬ್‌ನ 1.602176634 × 10⁻¹⁹ರಿಂದ ಭಾಗಿಸಿ, ಒಂದು ಎಲೆಕ್ಟ್ರಾನ್‌ನ ಚಾರ್ಜ್ ಅಷ್ಟು ಕೂಲಂಬ್. ಈ ಅಂಕಿ ಈಗ ಅಳೆದು ಕಂಡುಕೊಳ್ಳೋದಲ್ಲ, 2019ರ ಮೇ 20ರಿಂದ ಇಷ್ಟೇ ಅಂತ ಫಿಕ್ಸ್ ಮಾಡಿಟ್ಟಿದಾರೆ. 1 ಕೂಲಂಬ್‌ಗೆ ಸುಮಾರು 6.24 × 10¹⁸ ಎಲೆಕ್ಟ್ರಾನ್ ಬರತ್ತೆ. ಹಳೇ ಪುಸ್ತಕದಲ್ಲಿ ಸ್ಟ್ಯಾಟ್‌ಕೂಲಂಬ್ ಸಿಕ್ಕಿದ್ರೆ ಗಾಬರಿ ಬೇಡ, ಅದೂ ಚಾರ್ಜ್‌ನ ಹಳೇ ಯೂನಿಟ್ಟೇ, ಸುಮಾರು 300 ಕೋಟಿ ಸೇರಿದ್ರೆ ಒಂದು ಕೂಲಂಬ್.

ಇನ್ನೊಂದು, ಎಂಎಎಚ್‌ನ ನೇರವಾಗಿ ವ್ಯಾಟ್-ಅವರ್ ಮಾಡಕ್ಕಾಗಲ್ಲ, ವ್ಯಾಟ್-ಅವರ್ ಅನ್ನೋದು ಚಾರ್ಜ್ ಅಲ್ಲ ಎನರ್ಜಿ, ಮಧ್ಯೆ ವೋಲ್ಟೇಜ್ ಬೇಕು. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಅಂತಿದ್ರೆ ಅದು ಸಾಮಾನ್ಯವಾಗಿ ಒಳಗಿನ ಸುಮಾರು 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದ್ರೆ 10 ಆಂಪಿಯರ್-ಅವರ್ × 3.7 = 37 ವ್ಯಾಟ್-ಅವರ್. ಹೊರಗೆ ಬರೋದು 5 ವೋಲ್ಟ್‌ನಲ್ಲಿ, 37ನ 5ರಿಂದ ಭಾಗಿಸಿದ್ರೆ 7.4 ಆಂಪಿಯರ್-ಅವರ್, ಅಂದ್ರೆ 7400 ಎಂಎಎಚ್, ಅದರಲ್ಲೂ ಒಂದಿಷ್ಟು ಸರ್ಕ್ಯೂಟ್ ಬಿಸಿಯಾಗೋದ್ರಲ್ಲೇ ಹೋಗತ್ತೆ.