ಹಿತ್ತಲ ರೈಲು: ಹಳಿಗಿಂತ ಮೊದಲು ಕ್ಯಾಮೆರಾಗೆ ಜಾಗ

ಹಿತ್ತಲಲ್ಲಿ ಮಾಡೆಲ್ ರೈಲು ಓಡಬೇಕು, ಅದರ ಫೋಟೊ ನಿಜವಾದ ರೈಲಿನ ಫೋಟೊದ ಹಾಗೆ ಬರಬೇಕು ಎನ್ನುವವರು ಗುದ್ದಲಿ ಹಿಡಿಯುವ ಮುಂಚೆಯೇ ಕ್ಯಾಮೆರಾ ಎಲ್ಲಿ ಕೂರುತ್ತದೆ ಎಂದು ಗೊತ್ತುಮಾಡಿಕೊಳ್ಳಬೇಕು. ಹಳಿ ಹಾಸಿ, ಗಿಡ ನೆಟ್ಟು, ಆಮೇಲೆ ಫೋಟೊಗೆ ಕೋನ ಹುಡುಕಲು ಹೋದರೆ ಹಿನ್ನೆಲೆಯಲ್ಲಿ ನೀರಿನ ಪೈಪೋ ಬಟ್ಟೆ ಒಣಹಾಕುವ ತಂತಿಯೋ ಬಂದೇ ಬರುತ್ತದೆ. ನಾನು ಮೊದಲು ಎರಡು ಫೋಟೊ ಜಾಗ ಗುರುತಿಸಿ, ಅವೆರಡನ್ನೂ ಹಾದುಹೋಗುವಂತೆ ಹಳಿ ಎಳೆದೆ.

ಅಳತೆಯಿಂದ ಶುರುಮಾಡೋಣ. 1968ರಲ್ಲಿ ಜರ್ಮನಿಯ ಮಾಡೆಲ್ ರೈಲು ಕಂಪನಿ ಎಲ್‌ಜಿಬಿ ತಂದ 45 ಮಿ.ಮೀ. ಅಗಲದ ಹಳಿಯೇ ಇವತ್ತಿಗೂ ಹಿತ್ತಲ ರೈಲಿಗೆ ಹೆಚ್ಚು ಬಳಕೆಯಲ್ಲಿದೆ. ಹಳಿ ಒಂದೇ ಆದರೂ ಅದರ ಮೇಲೆ ಓಡುವ ಗಾಡಿಗಳ ಅನುಪಾತ ಒಂದೇ ಅಲ್ಲ. ಗೇಜ್ ಎಂದರೆ ನಿಜವಾದ ರೈಲಿನ ಎರಡು ಕಂಬಿಗಳ ನಡುವಿನ ಅಂತರ. ಮೀಟರ್ ಗೇಜ್ ಗಾಡಿಗಳು 1:22.5ರಲ್ಲಿ ಬರುತ್ತವೆ, ಸ್ಟ್ಯಾಂಡರ್ಡ್ ಗೇಜಿನವು 1:32ರಲ್ಲಿ, ಮೂರಡಿ ಗೇಜಿನವು 1:20.3ರಲ್ಲಿ. 170 ಸೆಂ.ಮೀ. ಎತ್ತರದ ಮನುಷ್ಯ 1:22.5ರಲ್ಲಿ 7.6 ಸೆಂ.ಮೀ. ಆಗುತ್ತಾನೆ, 1:32ರಲ್ಲಿ 5.3 ಸೆಂ.ಮೀ. ಮಾತ್ರ. ಎರಡನ್ನೂ ಬೆರೆಸಿದರೆ ಓಡಿಸುವಾಗ ಅಷ್ಟಾಗಿ ಕಾಣದು, ಫೋಟೊದಲ್ಲಿ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ನಿಂತವನ ತಲೆ ಡಬ್ಬಿಯ ಕಿಟಕಿಯನ್ನೇ ಮುಟ್ಟುವುದಿಲ್ಲ. ಒಂದು ಅನುಪಾತ ಹಿಡಿದು ಅದಕ್ಕೇ ಅಂಟಿಕೊಳ್ಳುವುದು ಒಳ್ಳೆಯದು. ನಾನು ಹಿಡಿದದ್ದು 1:22.5.

ನನ್ನ ಹಳಿ 7 ಮೀಟರ್ ಉದ್ದ, 2.4 ಮೀಟರ್ ಅಗಲದ ಅಂಡಾಕಾರ. ತಿರುವಿನ ತ್ರಿಜ್ಯ 1.2 ಮೀಟರ್, ಒಟ್ಟು ಓಟ ಸುಮಾರು 17 ಮೀಟರ್. 60 ಸೆಂ.ಮೀ. ತ್ರಿಜ್ಯದ ತಿರುವು ತುಂಡುಗಳೂ ಸಿಗುತ್ತವೆ, ಸಣ್ಣ ಗಾಡಿಗಳು ಅದರ ಮೇಲೆ ಓಡುತ್ತವೆ ಕೂಡ. ಆದರೆ ಉದ್ದ ಡಬ್ಬಿಗಳ ಮೂಲೆ ಹಳಿಯಿಂದ ಆಚೆ ಚಾಚಿಕೊಂಡು ಆಟಿಕೆಯ ಹಾಗೆ ಕಾಣುತ್ತದೆ. ಎಡಕ್ಕೆ ತಿರುಗಿದ ಹಳಿ ತಕ್ಷಣ ಬಲಕ್ಕೆ ತಿರುಗಬಾರದು. ನಡುವೆ ಅತಿ ಉದ್ದದ ಡಬ್ಬಿಯಷ್ಟಾದರೂ ನೇರ ಹಳಿ ಇರಬೇಕು, ಇಲ್ಲದಿದ್ದರೆ ಕೊಂಡಿಗಳು ಒಂದನ್ನೊಂದು ಪಕ್ಕಕ್ಕೆ ಎಳೆದು ಹಗುರ ಡಬ್ಬಿಯನ್ನು ಕೆಳಗಿಳಿಸುತ್ತವೆ.

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ನೆಲಕ್ಕೆ. ಹಳಿ ತಪ್ಪುವುದಕ್ಕೆ ಗಾಡಿಗಿಂತ ನೆಲವೇ ಹೆಚ್ಚು ಸಲ ಕಾರಣ. 15 ಸೆಂ.ಮೀ. ಅಗಲ, 10 ಸೆಂ.ಮೀ. ಆಳದ ಕಾಲುವೆ ತೋಡಿ, ತಳಕ್ಕೆ ದಮ್ಮಸು ಹಾಕಿ, ಕಳೆ ಏಳದಂತೆ ನೀರು ಇಳಿಯುವ ನೇಯ್ಗೆಯ ಬಟ್ಟೆ ಹಾಸಿದೆ. ಪ್ಲಾಸ್ಟಿಕ್ ಹಾಳೆ ಹಾಸಬಾರದು, ನೀರು ನಿಂತು ಜಲ್ಲಿ ತೇಲಿದಂತಾಗುತ್ತದೆ. ಅದರ ಮೇಲೆ 10ರಿಂದ 12 ಮಿ.ಮೀ. ಜಲ್ಲಿ ಆರು ಸೆಂ.ಮೀ., ಮತ್ತೆ ದಮ್ಮಸು. ಕೊನೆಯ ನಾಲ್ಕು ಸೆಂ.ಮೀ.ಗೆ 3ರಿಂದ 6 ಮಿ.ಮೀ. ಚಿಕ್ಕ ಜಲ್ಲಿ, ಕ್ರಷರ್ ಪುಡಿ ಬೆರೆತದ್ದೇ ಬೇಕು. 17 ಮೀಟರಿಗೆ ಒಟ್ಟು ಕಾಲು ಘನ ಮೀಟರ್, ತೂಕದಲ್ಲಿ ಸುಮಾರು 380 ಕೆ.ಜಿ. ಹೊಳೆಯ ಉರುಟು ಕಲ್ಲು ನೋಡಲು ಚೆಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ರೈಲು ಓಡಿದಷ್ಟೂ ಸ್ಲೀಪರ್ ಕೆಳಗಿಂದ ಜಾರುತ್ತಲೇ ಇರುತ್ತದೆ. ಒಡೆದ ಜಲ್ಲಿಯ ಚೂಪು ಅಂಚುಗಳೇ ಹಳಿಯನ್ನು ಹಿಡಿದು ನಿಲ್ಲಿಸುವುದು.

ಮಟ್ಟಕ್ಕೆ ಉದ್ದ ಓಟದಲ್ಲಿ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ), ಅಡ್ಡಕ್ಕೆ ಪುಟ್ಟ ರಸಮಟ್ಟ. ರಸಮಟ್ಟವನ್ನು ಎರಡೂ ಕಂಬಿಗಳ ಮೇಲೆ ಅಡ್ಡಲಾಗಿಟ್ಟು ಇಡೀ ದಾರಿ ತಳ್ಳಿಕೊಂಡು ಹೋಗಿ. ಗುಳ್ಳೆ ನಿಧಾನವಾಗಿ ಸರಿದರೆ ಚಿಂತೆಯಿಲ್ಲ, ಒಂದು ಗೇಣಿನೊಳಗೆ ಎಡದಿಂದ ಬಲಕ್ಕೆ ಹಾರಿದರೆ ಅಲ್ಲಿ ಹಳಿ ತಿರುಚಿದೆ ಎಂದರ್ಥ. ನಾಲ್ಕು ಚಕ್ರದ ಗಟ್ಟಿ ಚೌಕಟ್ಟಿನ ವ್ಯಾಗನ್ನಿನ ಒಂದು ಚಕ್ರ ಅಲ್ಲಿ ಗಾಳಿಯಲ್ಲಿ ನಿಂತು ಹಳಿ ಹತ್ತಿಬಿಡುತ್ತದೆ. ಏರು ಮೀಟರಿಗೆ ಎರಡು ಸೆಂ.ಮೀ. ಮೀರದಿರಲಿ. ಏರು ಶುರುವಾಗುವ ಕಡೆ ಮಡಿಕೆ ಬೀಳದಂತೆ ಅರ್ಧ ಮೀಟರ್‌ನಲ್ಲಿ ಮೆಲ್ಲಗೆ ಎತ್ತಬೇಕು. ಮಡಿಕೆ ಬಿದ್ದರೆ ಕೊಂಡಿ ಕಳಚುವುದು ಅಲ್ಲೇ.

ಹಿತ್ತಾಳೆ ಹಳಿಯನ್ನು ಸಿಮೆಂಟಿಗೆ ಕಚ್ಚಿಸುವ ಆಸೆ ಬೇಡ. ಹಿತ್ತಾಳೆ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.019 ಮಿ.ಮೀ. ಹಿಗ್ಗುತ್ತದೆ. 25 ಡಿಗ್ರಿಯಲ್ಲಿ ಹಾಸಿದ 1.2 ಮೀಟರ್ ತುಂಡು ಬಿಸಿಲಲ್ಲಿ 60 ಡಿಗ್ರಿಗೆ ಕಾದರೆ 0.8 ಮಿ.ಮೀ. ಬೆಳೆದಿರುತ್ತದೆ. ಹಾಗಾಗಿ ಪ್ರತಿ ಕೀಲಿನಲ್ಲಿ ಒಂದು ಮಿ.ಮೀ. ಸಂದು ಬಿಟ್ಟೆ. ಅಷ್ಟು ತೆಳುವಿನ ರಟ್ಟಿನ ಚೂರನ್ನು ನಡುವೆ ಇಟ್ಟು ಕೂಡಿಸಿ ಆಮೇಲೆ ಎಳೆದುಬಿಟ್ಟರೆ ಆಯಿತು. ಜಲ್ಲಿಯ ಮೇಲೆ ಬಿಡಿಯಾಗಿ ಕೂತ ಹಳಿ ತಿರುವಿನಲ್ಲಿ ಕೊಂಚ ಹೊರಕ್ಕೆ ಸರಿದು ಉಳಿದದ್ದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ.

ಇಂಜಿನ್ನಿಗೆ ವಿದ್ಯುತ್ ಬರುವುದು ಕಂಬಿಗಳ ಮೂಲಕವೇ, ಸಡಿಲ ಕೀಲಿನಲ್ಲಿ ಅದು ಸರಿಯಾಗಿ ದಾಟದು. ಎರಡು ಕಂಬಿ ತುಂಡುಗಳನ್ನು ಕೂಡಿಸುವ ಜಾಯಿನರ್ ಒಳಗೆ ವಿದ್ಯುತ್ ಹರಿಸುವ ಗ್ರೀಸ್ ಸವರಿ, ಸುತ್ತಲೂ ನಾಲ್ಕು ಕಡೆ ಹಳಿಗೆ ವಿದ್ಯುತ್ ಕೊಡುವ ಫೀಡರ್ ತಂತಿ ಕೊಟ್ಟೆ. ಮುಖ್ಯ ತಂತಿ 2.5 ಚದರ ಮಿ.ಮೀ., ಕವಲು 1.5. ಪವರ್ ಸಪ್ಲೈ ಮನೆಯೊಳಗೇ ಇರಬೇಕು, ಹೊರಗೆ ಬರುವುದು ಕಡಿಮೆ ವೋಲ್ಟಿನ ಡಿಸಿ ಮಾತ್ರ. ಗಾಡಿ ಓಡುತ್ತಿರುವಾಗಲೇ ಪ್ರತಿ ಕೀಲಿನ ಆಚೀಚೆ ವೋಲ್ಟ್ ಅಳೆಯಿರಿ. ಖಾಲಿ ಹಳಿಯಲ್ಲಿ ಕೆಟ್ಟ ಕೀಲು ಕೂಡ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಕಂಬಿಯ ತಲೆ ಒರೆಸಲು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ಸಾಕು. ಸ್ಟೀಲ್ ವೂಲ್ ಬೇಡವೇ ಬೇಡ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಂಡು ಶಾರ್ಟ್ ಆಗುತ್ತದೆ. ಈ ಒರೆಸಾಟವೇ ಬೇಡ ಎನ್ನುವವರು ಇಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ನಾಲ್ಕು ಲಿಥಿಯಂ ಅಯಾನ್ ಸೆಲ್ ಸರಣಿಯಲ್ಲಿ ಜೋಡಿಸಿ, ರಕ್ಷಣಾ ಸರ್ಕ್ಯೂಟ್ ಮತ್ತು ಫ್ಯೂಸ್ ಹಾಕಿ, 14.8 ವೋಲ್ಟಿನಲ್ಲಿ ರೇಡಿಯೊ ರಿಮೋಟಿನಿಂದ ಓಡಿಸಬಹುದು.

ಹಳಿ ತಪ್ಪಿದಾಗ ಕಾರಣ ಹುಡುಕುವ ದಾರಿ ಸರಳ. ಎಲ್ಲ ಡಬ್ಬಿಗಳೂ ಒಂದೇ ಜಾಗದಲ್ಲಿ ತಪ್ಪಿದರೆ ದೋಷ ಹಳಿಯದ್ದು. ಒಂದೇ ಡಬ್ಬಿ ಎಲ್ಲೆಲ್ಲೋ ತಪ್ಪಿದರೆ ಅದರ ಚಕ್ರದ್ದು, ಜೋಡಿ ಚಕ್ರಗಳ ಒಳಮುಖಗಳ ನಡುವೆ ಸುಮಾರು 40 ಮಿ.ಮೀ. ಇದೆಯೇ ಎಂದು ಅಳೆದು ನೋಡಿ. ಹಳಿ ಕವಲೊಡೆಯುವ ಪಾಯಿಂಟ್ಸ್ ಇದ್ದರೆ ಅದರ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಜಲ್ಲಿ ಚೂರೂ ಸಾಕು, ಓಡಿಸುವ ಮುಂಚೆ ಬ್ರಷ್ ಆಡಿಸಿಬಿಡಿ.

ಗಿಡ ಆರಿಸುವಾಗ ನಾನು ನೋಡುವುದು ಎಲೆಯನ್ನು. 5 ಮಿ.ಮೀ. ಎಲೆ 22.5ರಿಂದ ಗುಣಿಸಿದರೆ 11 ಸೆಂ.ಮೀ., ನಿಜವಾದ ಮರದ ಎಲೆಯ ಅಳತೆಯೇ. 3 ಸೆಂ.ಮೀ. ಎಲೆ 67 ಸೆಂ.ಮೀ. ಆಗಿ ಚಿತ್ರವನ್ನೇ ಕೆಡಿಸುತ್ತದೆ. ತೈಮ್, ಸೀಡಮ್, ಹಾವಸೆ, ಕುಳ್ಳ ಜುನಿಪರ್ ಇವೆಲ್ಲ ಒಪ್ಪುತ್ತವೆ. 30 ಸೆಂ.ಮೀ.ಗೆ ಕತ್ತರಿಸಿ ನಿಲ್ಲಿಸಿದ ಪೊದೆ ಏಳು ಮೀಟರಿಗೆ ಹತ್ತಿರದ ಮರವಾಗುತ್ತದೆ.

ಇನ್ನು ಕ್ಯಾಮೆರಾ. ಹಳಿ ಪಕ್ಕ ನಿಂತ ಮನುಷ್ಯನ ಕಣ್ಣು ಈ ಅನುಪಾತದಲ್ಲಿ ನೆಲದಿಂದ ಏಳು ಸೆಂ.ಮೀ. ಎತ್ತರದಲ್ಲಿರುತ್ತದೆ. ಲೆನ್ಸ್ ಅಲ್ಲೇ ಇರಬೇಕು. ನಿಂತು ತೆಗೆದ ಫೋಟೊ ಎಷ್ಟು ಚೊಕ್ಕವಾಗಿದ್ದರೂ ಹೆಲಿಕಾಪ್ಟರಿನಿಂದ ನೋಡಿದಂತೆಯೇ. ಇದಕ್ಕಾಗಿಯೇ ಫೋಟೊ ಜಾಗದಲ್ಲಿ ಕ್ಯಾಮೆರಾ ಕೂರುವಷ್ಟು ಅಗಲ, ಹಳಿಯ ಮಟ್ಟದಲ್ಲೇ, ಗಿಡ ನೆಡದೆ ಬಿಟ್ಟಿದ್ದೇನೆ. ಟ್ರೈಪಾಡ್ ಅಷ್ಟು ಕೆಳಗಿಳಿಯದು, ಮರಳು ತುಂಬಿದ ಚೀಲವೇ ಸರಿ. ಫೋನಾದರೆ ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ. ವೈಡ್ ಲೆನ್ಸಿನಲ್ಲಿ ಮೂಗು ತಾಗುವಷ್ಟು ಹತ್ತಿರ ಹೋದರೆ ಇಂಜಿನ್ ಉಬ್ಬುತ್ತದೆ, ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ.

ಮಾಡೆಲ್ ಎಂದು ಮೊದಲು ಹೇಳಿಬಿಡುವುದು ಫೋಕಸ್. ಇಂಜಿನ್ನಿನ ಮುಖ ಚೂಪಾಗಿ ಮೂರನೇ ಡಬ್ಬಿ ಮಂಜಾದರೆ ನಂಬಿಕೆ ಹೋಯಿತು. ಲೆನ್ಸಿನ ರಂಧ್ರದ ಅಳತೆ (ಅಪರ್ಚರ್) ಎಫ್/11 ಇರಲಿ, ಹೆಚ್ಚೆಂದರೆ ಎಫ್/16. ಅದಕ್ಕಿಂತ ರಂಧ್ರ ಕಿರಿದಾದರೆ ವಿವರ್ತನೆಯಿಂದ, ಅಂದರೆ ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ, ಇಡೀ ಚಿತ್ರವೇ ಮೆದುವಾಗುತ್ತದೆ. ನಿಂತ ರೈಲಿಗೆ ಹತ್ತಿರದಿಂದ ದೂರಕ್ಕೆ ಫೋಕಸ್ ಸರಿಸುತ್ತಾ ಎಂಟು ಹತ್ತು ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಕೂಡಿಸುತ್ತೇನೆ. ಗಾಳಿ ಬೀಸುವಾಗ ಇದಕ್ಕೆ ಕೈಹಾಕಬೇಡಿ, ಅಲುಗಿದ ಎಲೆಗಳಿಗೆಲ್ಲ ನೆರಳಿನಂಥ ಜೊತೆ ಬರುತ್ತದೆ.

ಓಡುವ ರೈಲಿನ ಲೆಕ್ಕ ಬೇರೆ. ಗಂಟೆಗೆ 40 ಕಿ.ಮೀ. ವೇಗ ಅನುಪಾತದಲ್ಲಿ ಸೆಕೆಂಡಿಗೆ ಅರ್ಧ ಮೀಟರ್. ಶಟರ್ 1/250 ಸೆಕೆಂಡ್ ಮಾತ್ರ ತೆರೆದಿದ್ದರೂ ಗಾಡಿ ಎರಡು ಮಿ.ಮೀ. ಸರಿದಿರುತ್ತದೆ. ಅಡ್ಡಕ್ಕೆ ಓಡುವುದನ್ನು ಚೂಪಾಗಿ ಹಿಡಿಯಲು 1/2000 ಬೇಕು, ನೇರ ನಮ್ಮತ್ತ ಬರುವುದಕ್ಕೆ 1/500 ಸಾಕಾಗುತ್ತದೆ.

ಬೆಳಕಿಗೆ ಬೆಳಗಿನ ಮೊದಲ ಒಂದು ಗಂಟೆ. ಓರೆ ಬಿಸಿಲು ಚಕ್ರಗಳ ಒಳಗೆ ಹೋಗುತ್ತದೆ, ನಡುಹಗಲಿನಲ್ಲಿ ಅವು ಕಪ್ಪು ಗುಂಡಿಗಳಾಗುತ್ತವೆ. ಹೊಗೆ ಕಾಣಬೇಕಾದರೆ ಸೂರ್ಯ ರೈಲಿನ ಹಿಂದಿರಬೇಕು, ಹೊಗೆಯ ಹಿಂದೆ ಕಪ್ಪು ನೆರಳಿನ ಪೊದೆ ಇರಬೇಕು. ಗಿಡಗಳಿಗೆ ನೀರು ಹಾಕಿದ ಕೂಡಲೇ ಚಿತ್ರ ಬೇಡ, ಇಂಜಿನ್ ಮೇಲಿನ 3 ಮಿ.ಮೀ. ಹನಿ ಮುಷ್ಟಿಗಾತ್ರದ ನೀರಿನ ಉಂಡೆಯಾಗಿ ಕಾಣುತ್ತದೆ. ಉಗಿ ಇಂಜಿನ್ನನ್ನು, ಚಕ್ರಗಳನ್ನು ಜೋಡಿಸುವ ಪಕ್ಕದ ರಾಡ್ ಕೆಳಗಿಳಿದ ಸ್ಥಿತಿಯಲ್ಲಿ ನಿಲ್ಲಿಸಿ, ಒಣ ಬ್ರಷ್ಷಿನಿಂದ ಧೂಳು ತೆಗೆದು, ಹಳಿಯ ಮೇಲೆ ಇರುವೆ ಇಲ್ಲವೆಂದು ನೋಡಿಕೊಂಡು ಬಟನ್ ಒತ್ತುವುದು ನನ್ನ ರೂಢಿ.