ಎತ್ತರಕ್ಕೆ ಹಾರಿದ ರಾಕೆಟ್ ವಾಪಸ್ ಕೈಗೆ ಸಿಗಬೇಕಾದರೆ

ಮಾಡೆಲ್ ರಾಕೆಟ್ಟನ್ನು ಮೇಲಕ್ಕೆ ಕಳಿಸುವುದು ಕಷ್ಟವಲ್ಲ. ಒಳ್ಳೆ ಮೋಟಾರ್ ಇದ್ದರೆ ಹೋಗಿಯೇ ಹೋಗುತ್ತದೆ. ಮೂರು ಕಿಲೋಮೀಟರ್ ಎತ್ತರದಿಂದ ಅದನ್ನು ಮುರಿಯದಂತೆ ಇಳಿಸುವುದೇ ಕಷ್ಟ. ಅಮೆರಿಕದ ರಾಕೆಟ್ ಬಯಲುಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ: ತಿಂಗಳುಗಟ್ಟಲೆ ರೆಕ್ಕೆ ಉಜ್ಜಿ ಬಣ್ಣ ಬಳಿದವರು, ಪ್ಯಾರಾಚೂಟ್ ತುಂಬುವ ಕೆಲಸವನ್ನು ಮಾತ್ರ ಅವತ್ತು ಬೆಳಿಗ್ಗೆ ಕಾರಿನ ಪಕ್ಕ ನಿಂತು ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಆಮೇಲೆ ರಾಕೆಟ್ ಮೂತಿ ಕೆಳಗಾಗಿ ಬಂದು ನೆಲಕ್ಕೆ ನಾಟಿಕೊಳ್ಳುತ್ತದೆ. ಅಲ್ಲಿ ಓದುತ್ತಾ ಕಾಲೇಜಿನ ರಾಕೆಟ್ ತಂಡ ಸೇರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿ ಮನೆ ತಾರಸಿ ಮೇಲೆ ಇದನ್ನು ಮಾಡಲು ಹೋಗಬೇಡಿ. ಭಾರತದಲ್ಲಿ ಇದಕ್ಕೆ ಬೇಕಾದ ಕರಿಮದ್ದಿಗೆ ಸ್ಫೋಟಕ ಕಾಯ್ದೆಯ ಲೈಸೆನ್ಸ್ ಬೇಕು.

ಮೊದಲ ಹೆಜ್ಜೆ, ಕ್ಲಬ್ ಸೇರಿ. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, ಟ್ರಿಪೊಲಿ ಎಂಬ ಎರಡು ಸಂಘಗಳಿವೆ. ಮೋಟಾರಿನ ಶಕ್ತಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗುರುತಿಸುತ್ತಾರೆ. ಎಚ್, ಐ ಮೋಟಾರ್‌ಗಳಿಗೆ ಮೊದಲ ಹಂತದ ಸರ್ಟಿಫಿಕೇಟ್. ಜೆ, ಕೆ, ಎಲ್‌ಗೆ ಎರಡನೆಯದು, ಜೊತೆಗೆ ಲಿಖಿತ ಪರೀಕ್ಷೆ. ಎಂ ಮತ್ತು ಅದರ ಮೇಲಿನದಕ್ಕೆ ಮೂರನೆಯದು. ಒಂದೊಂದು ಅಕ್ಷರ ಮುಂದೆ ಹೋದಂತೆ ಮೋಟಾರಿನ ಒಟ್ಟು ಶಕ್ತಿಯ ಮಿತಿ ದುಪ್ಪಟ್ಟಾಗುತ್ತದೆ. ರಾಕೆಟ್ ಸರಿಯಾಗಿ ಇಳಿದರೆ ಮಾತ್ರ ಪಾಸ್. ವಾಯುಯಾನ ಇಲಾಖೆಯ ಅನುಮತಿಯನ್ನು ಕ್ಲಬ್ಬೇ ತಂದಿರುತ್ತದೆ.

ಎರಡನೆಯದು, ರಾಕೆಟ್ ಕಟ್ಟುವುದು. ಓಪನ್‌ರಾಕೆಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿ. ನೂಕುಬಲ ತೂಕದ ಐದು ಪಟ್ಟಾದರೂ ಇರಲಿ. ಕೊಳವೆಗೆ ಫೈಬರ್‌ಗ್ಲಾಸ್ ತಗೊಳ್ಳಿ. ಕಾರ್ಬನ್ ಫೈಬರ್ ನೋಡಲು ಚೆಂದ, ಆದರೆ ರಾಕೆಟ್ ಎಲ್ಲಿದೆ ಎಂದು ತಿಳಿಸುವ ಒಳಗಿನ ಟ್ರ್ಯಾಕರ್‌ನ ರೇಡಿಯೊ ಸಿಗ್ನಲ್ಲನ್ನು ತಡೆದುಬಿಡುತ್ತದೆ.

ಇನ್ನು ಅಸಲಿ ಕೆಲಸ. ಎತ್ತರಕ್ಕೆ ಹೋಗುವ ರಾಕೆಟ್‌ಗೆ ಎರಡು ಪ್ಯಾರಾಚೂಟ್ ಬೇಕು. ತುತ್ತತುದಿಯಲ್ಲಿ ಡ್ರೋಗ್ ಎಂಬ ಚಿಕ್ಕದು, ನೆಲದಿಂದ ಇನ್ನೂರು ಮೀಟರ್ ಆಸುಪಾಸಿನಲ್ಲಿ ದೊಡ್ಡದು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಮೂರು ಸಾವಿರ ಮೀಟರಿನಿಂದ ಡ್ರೋಗ್‌ನಲ್ಲಿ ಸೆಕೆಂಡಿಗೆ 25 ಮೀಟರ್ ಇಳಿದರೆ ಎರಡು ನಿಮಿಷ. ಗಾಳಿ ಸೆಕೆಂಡಿಗೆ 8 ಮೀಟರ್ ಇದ್ದರೆ ರಾಕೆಟ್ ಸುಮಾರು ಒಂದು ಕಿಲೋಮೀಟರ್ ಆಚೆ ಬೀಳುತ್ತದೆ. ದೊಡ್ಡದೇ ಮೇಲೆ ಬಿಚ್ಚಿಕೊಂಡು ಸೆಕೆಂಡಿಗೆ 6 ಮೀಟರ್‌ನಂತೆ ಇಳಿದರೆ? ನಾಲ್ಕು ಕಿಲೋಮೀಟರ್ ಆಚೆ!

ಇದನ್ನೆಲ್ಲ ನಡೆಸುವುದು ಎತ್ತರ ಅಳೆಯುವ ಪುಟ್ಟ ಸಾಧನ, ಆಲ್ಟಿಮೀಟರ್. ಗಾಳಿಯ ಒತ್ತಡ ಕಡಿಮೆಯಾಗುವುದು ನಿಂತು ಮತ್ತೆ ಏರತೊಡಗಿದರೆ ತುದಿ ಮುಟ್ಟಿತು ಎಂದು ಅದಕ್ಕೆ ಗೊತ್ತಾಗುತ್ತದೆ. ಆಗ ಸ್ವಲ್ಪ ಕರಿಮದ್ದಿಗೆ ಕಿಡಿ ಕೊಟ್ಟು ಕೊಳವೆಯನ್ನು ಬೇರ್ಪಡಿಸಿ ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಆಲ್ಟಿಮೀಟರ್ ಕೂತ ಕೋಣೆಗೆ ಹೊರಗಿನ ಗಾಳಿ ಸರಿಯಾಗಿ ತಾಗಬೇಕು. ಸುತ್ತಲೂ ಸಮ ಅಂತರದಲ್ಲಿ ಮೂರೋ ನಾಲ್ಕೋ ತೂತು ಕೊರೆಯಿರಿ. ಅಂಚಿನಲ್ಲಿ ನಾರು ಎದ್ದಿರದಂತೆ ಉಜ್ಜಿ. ಮದ್ದಿನ ಹೊಗೆ ಈ ಕೋಣೆಗೆ ಒಂದಿಷ್ಟೂ ನುಗ್ಗಬಾರದು. ವೈರ್ ಹಾಯುವ ತೂತುಗಳನ್ನೆಲ್ಲ ಮುಚ್ಚಿ.

ಆಲ್ಟಿಮೀಟರ್ ಎರಡು ಇರಲಿ. ಒಂದೊಂದಕ್ಕೂ ಬೇರೆ ಬ್ಯಾಟರಿ, ಬೇರೆ ಸ್ವಿಚ್, ಬೇರೆ ಮದ್ದು. ಇದರಲ್ಲಿ ರಾಜಿ ಬೇಡ. ಎರಡನೆಯದರ ಮದ್ದು ಒಂದೆರಡು ಸೆಕೆಂಡ್ ತಡವಾಗಿ ಹೊತ್ತಲಿ, ಸ್ವಲ್ಪ ಜಾಸ್ತಿಯೇ ಇರಲಿ. ಅಂಗಡಿಯಲ್ಲಿ ಸಿಗುವ ಅಗ್ಗದ 9 ವೋಲ್ಟ್ ಬ್ಯಾಟರಿ ಕ್ಲಿಪ್ ಮಾತ್ರ ಬೇಡವೇ ಬೇಡ. ಹಾರುವಾಗಿನ ಜಗ್ಗಾಟಕ್ಕೆ ಅದು ಸಡಿಲವಾಗುತ್ತದೆ. ಕರೆಂಟ್ ಒಂದು ಕ್ಷಣ ತಪ್ಪಿದರೂ ಆಲ್ಟಿಮೀಟರ್ ಹೊಸದಾಗಿ ಶುರುವಾಗಿ, ತಾನಿನ್ನೂ ನೆಲದ ಮೇಲಿದ್ದೇನೆ ಅಂದುಕೊಳ್ಳಬಹುದು.

ಮದ್ದು ಎಷ್ಟು? ಕೊಳವೆಯ ಅಡ್ಡಳತೆಯ ವರ್ಗವನ್ನು ಪ್ಯಾರಾಚೂಟ್ ಕೋಣೆಯ ಉದ್ದದಿಂದ, ಮತ್ತೆ 0.006ರಿಂದ ಗುಣಿಸಿ. ಅಳತೆ ಇಂಚಿನಲ್ಲಿ, ಉತ್ತರ ಗ್ರಾಂನಲ್ಲಿ. 4 ಇಂಚು ಅಗಲ, 16 ಇಂಚು ಉದ್ದಕ್ಕೆ ಸುಮಾರು ಒಂದೂವರೆ ಗ್ರಾಂ. ಇದು ಬರೀ ಆರಂಭದ ಅಂದಾಜು. ನೆಲದ ಮೇಲೆ ಪರೀಕ್ಷಿಸದೆ ಹಾರಿಸಬೇಡಿ. ಸರ್ಟಿಫಿಕೇಟ್ ಇರುವ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಹಾರುವ ದಿನ ಹೇಗೋ ಹಾಗೆಯೇ ಪ್ಯಾರಾಚೂಟ್ ಮಡಚಿ, ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆ ಸುತ್ತಿ, ಮದ್ದು ಹೊತ್ತುವವರೆಗೆ ಕೊಳವೆ ಕಳಚದಂತೆ ಹಿಡಿದು ಆಮೇಲೆ ತುಂಡಾಗುವ ಅವೇ ನೈಲಾನ್ ಶಿಯರ್ ಪಿನ್ ಹಾಕಿ, ದೂರದಿಂದ ವೈರ್ ಮೂಲಕ ಹೊತ್ತಿಸಿ. ಮೂತಿಯ ಎದುರಿಗೂ ಹಿಂದಿಗೂ ಯಾರೂ ನಿಲ್ಲಬಾರದು. ಪಿನ್ ತುಂಡಾಗಿ, ರಾಕೆಟ್ಟಿನ ತುಂಡುಗಳನ್ನು ಕಟ್ಟಿರುವ ಹಗ್ಗ ಪೂರ್ತಿ ಬಿಚ್ಚಿ, ಪ್ಯಾರಾಚೂಟ್ ಹೊರಗೆ ಬಿದ್ದರೆ ಸರಿ. ಅರ್ಧಕ್ಕೆ ನಿಂತರೆ ಮದ್ದು ಸ್ವಲ್ಪ ಹೆಚ್ಚಿಸಿ ಇನ್ನೊಮ್ಮೆ ಮಾಡಿ. ಶಿಯರ್ ಪಿನ್ ಬದಲು ಮಾಸ್ಕಿಂಗ್ ಟೇಪ್ ಸುತ್ತಿ ಬಿಗಿ ಮಾಡುವವರಿದ್ದಾರೆ. ಚಿಕ್ಕ ರಾಕೆಟ್‌ಗೆ ನಡೆಯುತ್ತದೆ, ಇಲ್ಲಿ ನಡೆಯಲ್ಲ. ಡ್ರೋಗ್ ಬಿಚ್ಚುವಾಗಿನ ಜಗ್ಗಿಗೆ ಮೂತಿ ಕಳಚಿ, ದೊಡ್ಡ ಪ್ಯಾರಾಚೂಟ್ ಮೇಲೆಯೇ ಹೊರಬರುತ್ತದೆ. ಆರು ಕಿಲೋಮೀಟರ್ ದಾಟುವುದಾದರೆ ಇನ್ನೊಂದು ತೊಂದರೆ. ತೆಳು ಗಾಳಿಯಲ್ಲಿ ಕರಿಮದ್ದು ಪೂರ್ತಿ ಉರಿಯದೆ ಚೆದುರಿಹೋಗುತ್ತದೆ. ಅಲ್ಲಿಗೆ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದ ಡಬ್ಬಿಯೇ ಬೇಕು.

ಹಾರಿಸುವ ದಿನ ಕ್ಲಬ್‌ನವರು ಹೇಳಿದಂತೆ ಕೇಳಿ, ಅಷ್ಟೆ. ಮೋಟಾರ್ ಹೊತ್ತದಿದ್ದರೆ ಕನಿಷ್ಠ 60 ಸೆಕೆಂಡ್ ಹತ್ತಿರ ಹೋಗಬೇಡಿ.

ಹುಡುಕುವಾಗ ಜಿಪಿಎಸ್ ಟ್ರ್ಯಾಕರ್ ಬೇಕೇ ಬೇಕು. ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿ ಅಂಗೈಯಷ್ಟು ಚಪ್ಪಟೆ. ಅಲ್ಲೂ ಒಂದೆರಡು ಕಿಲೋಮೀಟರ್ ಆಚೆ ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ. ರಾಕೆಟ್ ನೆಲ ಮುಟ್ಟಿದಾಗ ಸಿಗ್ನಲ್ ತಪ್ಪುವುದು ಮಾಮೂಲು, ಗಾಬರಿ ಬೇಡ. ಕೊನೆಗೆ ಸಿಕ್ಕ ಜಾಗವನ್ನು ಬರೆದಿಟ್ಟುಕೊಂಡು ಆ ಕಡೆ ನಡೆಯಿರಿ. ಹತ್ತಿರ ಹೋದಂತೆ ಸಿಗ್ನಲ್ ಮತ್ತೆ ಬರುತ್ತದೆ. ಜೊತೆಗೆ ಇಬ್ಬರು ದೂರ ದೂರ ನಿಂತು ರಾಕೆಟ್ ಇಳಿದ ದಿಕ್ಕನ್ನು ಕಂಪಾಸ್‌ನಲ್ಲಿ ಗುರುತಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಎರಡು ಗೆರೆ ಸೇರುವ ಕಡೆಯೇ ರಾಕೆಟ್ ಇರುತ್ತದೆ. ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ಮುಟ್ಟಬೇಡಿ, ವಿದ್ಯುತ್ ಕಂಪನಿಗೆ ಫೋನ್ ಮಾಡಿ.

ರಾಕೆಟ್ ಸಿಕ್ಕಿತೆಂದು ಓಡಿಹೋಗಿ ಎತ್ತಿಕೊಳ್ಳಬೇಡಿ. ಹೊತ್ತದ ಮದ್ದು ಒಳಗೆ ಉಳಿದಿರಬಹುದು. ಮೊದಲು ಆಲ್ಟಿಮೀಟರ್ ಹೊಡೆಯುವ ಬೀಪ್ ಎಣಿಸಿ, ಮುಟ್ಟಿದ ಎತ್ತರ ಬರೆದುಕೊಳ್ಳಿ. ನಂತರ ಕೊಳವೆಯ ಬಾಯಿಗೆ ಮುಖ ಒಡ್ಡದೆ ಪಕ್ಕದಿಂದ ಕೈ ಚಾಚಿ ಎರಡೂ ಸ್ವಿಚ್ ಆರಿಸಿ. ಮನೆಗೆ ಹೋದ ದಿನವೇ ಮದ್ದಿನ ಕಿಟ್ಟ ಒರೆಸಿ ತೆಗೆಯಿರಿ, ಬಿಟ್ಟರೆ ಲೋಹ ತುಕ್ಕು ಹಿಡಿಯುತ್ತದೆ. ಹಗ್ಗ ಎಲ್ಲಾದರೂ ಸುಟ್ಟು ಕಪ್ಪಾಗಿದ್ದರೆ ಅದನ್ನು ಬಿಸಾಡಿ ಹೊಸದು ಹಾಕಿ.